ತರಬೇತಿ ತರ್ಕಸಂಗ್ರಹ

ಪೀಠಿಕೆ

ಯಾವ ದೇವತೆಯ ಮುಖದಲ್ಲಿ ಪುಟ್ಟದೊಂದು ಚಕ್ರ ಸದಾ ತಿರುಗುತ್ತಿರುವುದೋ, ಅರ್ಜಿ ಸಲ್ಲಿಸುವ ಕೊನೆಯ ದಿನದ ಸಂಜೆ ಯಾವ ದೇವತೆ ತಪ್ಪದೆ ಯೋಗನಿದ್ರೆಗೆ ಜಾರುವುದೋ, ಆ ಸರ್ವರ್ ದೇವತೆಗೆ ಕೈಮುಗಿದು ಈ ಲಕ್ಷಣಗ್ರಂಥವನ್ನು ಆರಂಭಿಸುತ್ತೇನೆ.

ಗ್ರಂಥದ ವಿಷಯ: ಹತ್ತನೇ ತರಗತಿ ದಾಟಿದ, ದಾಟದ, ದಾಟಿಯೂ ಎಲ್ಲಿಗೂ ಮುಟ್ಟದ ಬಡ ಮನೆಗಳ ಹುಡುಗ ಹುಡುಗಿಯರಿಗೆ ಯಂತ್ರ ತೋರಿಸಿ, ಕಸುಬು ಕಲಿಸಿ, ಸಂಬಳಕ್ಕೆ ಹಚ್ಚುವ ಉದ್ಯಮ. ಪ್ರಯೋಜನ: ಆ ಉದ್ಯಮದಲ್ಲಿ ಯಾವುದು ಕಾರಣ, ಯಾವುದು ಬರಿಯ ಹಾಜರಿ ಎಂದು ಬೇರ್ಪಡಿಸಿ ತಿಳಿಯುವುದು.

ಹದಿನೇಳನೇ ಶತಮಾನದ ಅನ್ನಂಭಟ್ಟ ತನ್ನ ತರ್ಕಸಂಗ್ರಹದಲ್ಲಿ ಸಮಸ್ತ ಜಗತ್ತನ್ನೂ ಏಳು ಪದಾರ್ಥಗಳೊಳಗೆ ಅಡಕಮಾಡಿದ: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ, ಅಭಾವ. ಜಗತ್ತೇ ಏಳರಲ್ಲಿ ಹಿಡಿಯಿತೆಂದ ಮೇಲೆ ಕೌಶಲ್ಯಾಭಿವೃದ್ಧಿ ಇಲಾಖೆ ಹಿಡಿಯದೆ ಎಲ್ಲಿಗೆ ಹೋದೀತು?

ಉದಾಹರಣೆಗೆ ಒಬ್ಬ ಮನುಷ್ಯ ಬೇಕು. ಶಾಸ್ತ್ರಕಾರರೆಲ್ಲ ಬಳಸಿ ಬಳಸಿ ಸವೆಸಿರುವ ದೇವದತ್ತನನ್ನೇ ಕರೆತಂದಿದ್ದೇನೆ. ಹಗಲು ಉಣ್ಣದಿದ್ದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು ಎಂದು ಮೀಮಾಂಸಕರು ಊಹಿಸಿದ್ದು ಈತನ ಪೂರ್ವಿಕನನ್ನು ನೋಡಿ. ನಮ್ಮ ದೇವದತ್ತ ತೆಳ್ಳಗಿದ್ದಾನೆ, ಆದ್ದರಿಂದ ಊಹೆಗೆ ಅವಕಾಶ ಕಡಿಮೆ. ಯಾದಗಿರಿ ಕಡೆಯ ಹಳ್ಳಿಯವನು. ಗಣಿತದಲ್ಲಿ ಫೇಲಾಗಿ, ಪೂರಕ ಪರೀಕ್ಷೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು. ಅವನಿಗೊಬ್ಬಳು ತಂಗಿ ಇದ್ದಾಳೆ. ಹಳೆಯ ಗ್ರಂಥಗಳಿಗೆ ಆಕೆ ಬೇಕಾಗಿರಲಿಲ್ಲ. ಈ ಗ್ರಂಥ ಆಕೆಯಿಲ್ಲದೆ ನಡೆಯುವುದಿಲ್ಲ.

ಒಂದು: ದ್ರವ್ಯ ಪ್ರಕರಣ

ದ್ರವ್ಯಗಳು ಒಂಬತ್ತು. ಮೊದಲನೆಯದು ಪೃಥಿವಿ, ಅಂದರೆ ಕಟ್ಟಡ ಮತ್ತು ಅದರೊಳಗಿನ ಯಂತ್ರ. ಪೃಥಿವಿಯ ಲಕ್ಷಣ ಗಂಧವೆಂದು ಶಾಸ್ತ್ರ ಹೇಳುತ್ತದೆ. ಉದ್ಘಾಟನೆಯ ದಿನ ಹೊಸ ಪ್ರಯೋಗಾಲಯದ ಬಣ್ಣದ ವಾಸನೆಯಿಂದ ಇದು ಪ್ರತ್ಯಕ್ಷಸಿದ್ಧ. ಈ ದ್ರವ್ಯದಲ್ಲಿ ಸರ್ಕಾರಗಳು ಎಂದೂ ಜಿಪುಣತನ ತೋರಿಲ್ಲ. 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಶುರುವಾಗಿ ಐಟಿಐಗಳು ಹುಟ್ಟಿದವು. ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರೀಷಿಯನ್ ಎಂಬ ನಾಲ್ಕು ವರ್ಣಗಳು ಅಲ್ಲಿಂದ ಪ್ರಸಿದ್ಧವಾದವು. 2022ರ ಜೂನ್‌ನಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು 4,700 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿದ್ದನ್ನು ಪ್ರಧಾನಿ ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ಅಪ್ಪ ಕೈಯಲ್ಲಿ ಅರ ಹಿಡಿದು ಕಬ್ಬಿಣ ಉಜ್ಜಿದ ಕೋಣೆಯಲ್ಲಿ ಮಗ ಸಿಎನ್‌ಸಿ ಯಂತ್ರಕ್ಕೆ ಆಜ್ಞೆ ಬರೆಯುವ ಕಾಲ ಬಂತು. ಇದು ಸಣ್ಣ ಸಂಗತಿಯಲ್ಲ. ನಗುವವರು ನಗುವ ಮುನ್ನ ಆ ಯಂತ್ರದ ಮುಂದೆ ನಿಂತ ಹುಡುಗನ ಬೆನ್ನು ಎಷ್ಟು ನೆಟ್ಟಗಾಗಿದೆ ಎಂದು ನೋಡಬೇಕು.

ಎರಡನೆಯದು ನೀರು, ಹಾಸ್ಟೆಲಿನದು. ಮೂರನೆಯದು ತೇಜಸ್ಸು, ಅಂದರೆ ಕರೆಂಟು, ಅದರಲ್ಲೂ ತ್ರೀ ಫೇಸ್. ನಾಲ್ಕನೆಯದು ವಾಯು, ಮೂರನೆಯದು ಇದ್ದಾಗ ಮಾತ್ರ ಫ್ಯಾನಿನಿಂದ ಬರುವಂಥದು. ಐದನೆಯದು ಆಕಾಶ, ಎಂದರೆ ನೆಟ್‌ವರ್ಕು. ಆಕಾಶದ ಗುಣ ಶಬ್ದ. ಆ ಶಬ್ದ ಸಾಮಾನ್ಯವಾಗಿ ‘ಹಲೋ, ಕೇಳಸ್ತದೇನು?’ ಎಂಬ ರೂಪದಲ್ಲಿರುತ್ತದೆ. ಆಕಾಶ ಸರ್ವವ್ಯಾಪಿಯೆಂದು ಅನ್ನಂಭಟ್ಟನ ಮತ. ದೇವದತ್ತನ ಊರಿನಲ್ಲಿ ಅದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲಷ್ಟೇ ವ್ಯಾಪಿಸಿದೆ.

ಆರನೆಯದು ಕಾಲ: ತರಗತಿ ಒಂಬತ್ತೂವರೆಗೆ, ಬಸ್ಸು ಹತ್ತಕ್ಕೆ. ಏಳನೆಯದು ದಿಕ್ಕು. ಇದನ್ನು ಅಳೆದವರು ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯವರು. 2014ರ ಆ ಯೋಜನೆಯ ನಿಯಮದಂತೆ ಕೆಲಸ ಸಿಕ್ಕಿದವರಿಗೆ ನೆಲೆ ನಿಲ್ಲಲು ತಿಂಗಳಿಗೆ 1,000 ರೂಪಾಯಿ. ಸ್ವಂತ ಜಿಲ್ಲೆಯಲ್ಲಾದರೆ 2 ತಿಂಗಳು, ರಾಜ್ಯದೊಳಗಾದರೆ 3, ರಾಜ್ಯದ ಆಚೆಗಾದರೆ 6. ಮನೆಯಿಂದ ದೂರ ಹೋದಷ್ಟೂ ಮನುಷ್ಯನಿಗೆ ಆಸರೆ ಹೆಚ್ಚು ದಿನ ಬೇಕು ಎಂಬ ತತ್ತ್ವವನ್ನು ಸರ್ಕಾರಿ ಭಾಷೆಯಲ್ಲಿ ಇಷ್ಟು ಚೆನ್ನಾಗಿ ಹೇಳಿದ ಸೂತ್ರ ಇನ್ನೊಂದಿಲ್ಲ.

ಎಂಟನೆಯದು ಆತ್ಮ: ಅರ್ಜಿದಾರ. ಒಂಬತ್ತನೆಯದು ಮನಸ್ಸು. ಮನಸ್ಸು ಅಣುವಿನಷ್ಟು ಚಿಕ್ಕದು, ಆದ್ದರಿಂದ ಒಂದು ಕ್ಷಣದಲ್ಲಿ ಒಂದೇ ವಿಷಯವನ್ನು ಮುಟ್ಟಬಲ್ಲದು ಎಂದು ತಾರ್ಕಿಕರು ಕಂಡುಕೊಂಡರು. ಅದೇ ಮೊಬೈಲಿನಲ್ಲಿ ವೆಲ್ಡಿಂಗ್ ಪಾಠವೂ ಕ್ರಿಕೆಟ್ ಸ್ಕೋರೂ ಬರುವ ಕಾಲಕ್ಕೆ ಈ ಸಿದ್ಧಾಂತ ಮತ್ತಷ್ಟು ಗಟ್ಟಿಯಾಗಿದೆ. ಮೊಬೈಲು ಮನೆಗೆ ಒಂದೇ ಇದ್ದು, ಅದು ಅಣ್ಣನ ಜೇಬಿನಲ್ಲಿದ್ದರೆ ತಂಗಿಯ ಮನಸ್ಸು ಪಾಠವನ್ನು ಮುಟ್ಟುವ ಪ್ರಶ್ನೆಯೇ ಏಳದು.

ಎರಡು: ಗುಣ ಪ್ರಕರಣ

ಗುಣಗಳು ಇಪ್ಪತ್ತನಾಲ್ಕು. ಇವುಗಳಲ್ಲಿ ‘ಸಂಖ್ಯೆ’ ಇಲಾಖೆಗೆ ಪ್ರಿಯ, ಏಕೆಂದರೆ ಗುರಿ ಮತ್ತು ಸಾಧನೆ ಎಂಬ ಎರಡು ಕಾಲಂಗಳಲ್ಲಿ ಕುಳ್ಳಿರಿಸಲು ಬರುವ ಗುಣ ಅದೊಂದೇ. ಉಳಿದ ಇಪ್ಪತ್ತೆರಡನ್ನು ವಿಸ್ತಾರಭಯದಿಂದ ಬಿಟ್ಟು, ಕೊನೆಯದಾದ ‘ಸಂಸ್ಕಾರ’ವನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಅದು ಮೂರು ಬಗೆ: ವೇಗ, ಭಾವನೆ, ಸ್ಥಿತಿಸ್ಥಾಪಕ.

ವೇಗಕ್ಕೆ ಉದಾಹರಣೆ ಟೈಪಿಂಗ್. ಕಂಪ್ಯೂಟರ್ ಸೆಂಟರುಗಳು ಹುಟ್ಟುವ ಮೊದಲು ತಾಲ್ಲೂಕು ಪೇಟೆಗಳಲ್ಲಿ, ಬಹುತೇಕ ಮಹಡಿಯ ಮೇಲೆ, ಬೆರಳಚ್ಚು ಶಾಲೆಗಳಿದ್ದವು. ಕೆ. ಅನಂತಸುಬ್ಬರಾವ್ ರೂಪಿಸಿದ ಕನ್ನಡ ಕೀಲಿಮಣೆಯ ಮೇಲೆ ಎಷ್ಟೋ ಬಡ ಮಕ್ಕಳು ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿ ಗುಮಾಸ್ತಿಕೆಗೆ ಸೇರಿದರು. ಮುಂದೆ ಕೆ.ಪಿ. ರಾವ್ ಕಂಪ್ಯೂಟರಿಗೆಂದು ಹಗುರವಾದ ಕನ್ನಡ ವಿನ್ಯಾಸ ಕೊಟ್ಟರು. ಬೆರಳುಗಳು ಹೊಸ ದಾರಿ ಕಲಿತವು. ಆ ಬೆರಳಚ್ಚು ಶಾಲೆಯ ಮೇಷ್ಟ್ರು ವೇಗ ಮಾತ್ರ ಕಲಿಸುತ್ತಿದ್ದರೆಂದು ತಿಳಿದವರಿಗೆ ಶಾಸ್ತ್ರ ಗೊತ್ತಿಲ್ಲ. ಯಾವ ವಕೀಲರಿಗೆ ಹುಡುಗ ಬೇಕಾಗಿದೆ, ಯಾವ ಸೊಸೈಟಿಯಲ್ಲಿ ಜಾಗ ಖಾಲಿಯಿದೆ ಎಂಬುದು ಮೇಷ್ಟ್ರಿಗೆ ಗೊತ್ತಿರುತ್ತಿತ್ತು. ಫೀಸು ಬಾಕಿ ಉಳಿಸಿಕೊಂಡವನೂ ಕೆಲಸಕ್ಕೆ ಸೇರಿಬಿಡುತ್ತಿದ್ದ, ಏಕೆಂದರೆ ಬಾಕಿ ವಸೂಲಾಗಲು ಅದೊಂದೇ ಮಾರ್ಗ.

ಭಾವನೆ ಎಂದರೆ ಕಲಿತದ್ದು ನೆನಪಿನಲ್ಲಿ ನಿಲ್ಲುವುದು. ಇದನ್ನು ಎಲ್ಲರೂ ಬಲ್ಲರು. ಸ್ಥಿತಿಸ್ಥಾಪಕವೆಂದರೆ ಎಳೆದು ಬಿಟ್ಟ ವಸ್ತು ಮೊದಲಿದ್ದ ಆಕಾರಕ್ಕೇ ಮರಳುವ ಗುಣ. ಮೂರು ತಿಂಗಳು ಎಳೆದು, ಟೀ ಶರ್ಟು ತೊಡಿಸಿ, ಸಮಾರೋಪದಲ್ಲಿ ಫೋಟೋ ತೆಗೆಸಿ ಕೈಬಿಟ್ಟರೆ ದೇವದತ್ತ ಅದೇ ಊರಿನ ಅದೇ ಕಟ್ಟೆಯ ಮೇಲೆ ಅದೇ ಜಾಗದಲ್ಲಿ ಬಂದು ಕೂರುತ್ತಾನೆ. ಇದನ್ನು ಅವನ ಸೋಮಾರಿತನವೆಂದು ವರದಿಗಳು ಬರೆಯುತ್ತವೆ. ಹಿಡಿದ ಕೈ ಯಾವಾಗ ಬಿಟ್ಟಿತು ಎಂದು ಅವು ಕೇಳುವುದಿಲ್ಲ.

ಮೂರು: ಕರ್ಮ ಪ್ರಕರಣ

ಕರ್ಮಗಳು ಐದು. ಉತ್ಕ್ಷೇಪಣ, ಅಂದರೆ ಮೇಲಕ್ಕೆ ಎಸೆಯುವುದು: ದಾಖಲೆಗಳ ಅಪ್‌ಲೋಡ್. ಅಪಕ್ಷೇಪಣ, ಅಂದರೆ ಕೆಳಕ್ಕೆ ಕೆಡವುವುದು: ಹಾಲ್ ಟಿಕೆಟ್ ಡೌನ್‌ಲೋಡ್. ಆಕುಂಚನ, ಅಂದರೆ ಕುಗ್ಗಿಸುವುದು: ಸಹಿಯೂ ಭಾವಚಿತ್ರವೂ 50 ಕೆಬಿ ಮೀರದಂತೆ ಅಮುಕುವುದು, ಹಳ್ಳಿಯ ಎಷ್ಟೋ ಪ್ರತಿಭೆಗಳು ಈ ಕರ್ಮದಲ್ಲೇ ಮುಗಿದುಹೋಗಿವೆ. ಪ್ರಸಾರಣ, ಅಂದರೆ ಹರಡುವುದು: ಕೊನೆಯ ದಿನಾಂಕ ಮುಗಿದ ಉದ್ಯೋಗದ ಸುದ್ದಿಯನ್ನು ವಾಟ್ಸಾಪ್ ಗುಂಪುಗಳಿಗೆ ಕಳಿಸುವುದು.

ಐದನೆಯದು ಗಮನ, ಅಂದರೆ ಹೋಗುವುದು. ಮೊದಲ ನಾಲ್ಕನ್ನೂ ಕುಳಿತಲ್ಲೇ ಮಾಡಬಹುದು, ಇದನ್ನು ಮಾತ್ರ ಎದ್ದು ಮಾಡಬೇಕು. ಯಾದಗಿರಿಯಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಪೀಣ್ಯದಲ್ಲಿ ಇಳಿಯುವುದಕ್ಕೆ ಆ್ಯಪ್ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ತಂಗಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಸೊನ್ನೆ ರೂಪಾಯಿ ಆಯಿತು. ತರಬೇತಿ ಕೇಂದ್ರದ ದೂರ ಅಂದಿಗೆ ಅರ್ಧ ಕಡಿಮೆಯಾಯಿತು. ಉಳಿದರ್ಧ ಅಪ್ಪನ ಮುಖದಲ್ಲಿತ್ತು. ಅದರ ಚರ್ಚೆ ಸಮವಾಯ ಪ್ರಕರಣದಲ್ಲಿ ಬರುತ್ತದೆ.

ನಾಲ್ಕು: ಸಾಮಾನ್ಯ ಪ್ರಕರಣ

ಹಲವರಲ್ಲಿ ಒಂದೇ ಆಗಿ ನೆಲೆಸಿರುವುದು ಸಾಮಾನ್ಯ. ಪ್ರಮಾಣಪತ್ರಕ್ಕೆ ಇದಕ್ಕಿಂತ ಬಿಗಿಯಾದ ಲಕ್ಷಣ ಸಿಗದು. ಇದು ಎರಡು ಬಗೆ. ಎಲ್ಲರಲ್ಲಿಯೂ ಇರುವುದು ಪರಸಾಮಾನ್ಯ: ‘ಬೇಸಿಕ್ ಕಂಪ್ಯೂಟರ್ ಜ್ಞಾನ’. ಕೆಲವರಲ್ಲಿ ಮಾತ್ರ ಇರುವುದು ಅಪರಸಾಮಾನ್ಯ: ಎರಡು ವರ್ಷ ಎಣ್ಣೆ ಕೈ ಮಾಡಿಕೊಂಡು ಪಡೆದ ಫಿಟ್ಟರ್ ಪತ್ರ. ಇವುಗಳನ್ನು ಒಂದರ ಮೇಲೊಂದು ಜೋಡಿಸಲು 2013ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು ಬಂತು. ಮೊದಲು ಹತ್ತು ಮಟ್ಟಗಳಿದ್ದವು, ಪರಿಷ್ಕರಣೆಯಾಗಿ ಎಂಟಾದವು, ನಡುವೆ ಎರಡೂವರೆ, ಮೂರೂವರೆ ಎಂಬ ಅರ್ಧ ಮಟ್ಟಗಳೂ ಸೇರಿಕೊಂಡವು. ವರ್ಗೀಕರಣದಲ್ಲಿ ಈ ಗ್ರಂಥಕರ್ತನನ್ನು ಮೀರಿಸಿದವರು ದೆಹಲಿಯಲ್ಲಿದ್ದಾರೆಂದು ಒಪ್ಪಿಕೊಳ್ಳಲೇಬೇಕು.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: ‘ಪತ್ರವಿದ್ದರೂ ಮಾಲೀಕ ಅನುಭವ ಕೇಳುತ್ತಾನಲ್ಲ. ಅನುಭವ ಕೆಲಸದಿಂದ, ಕೆಲಸ ಅನುಭವದಿಂದ. ಇದು ಅನ್ಯೋನ್ಯಾಶ್ರಯ ದೋಷವಲ್ಲವೆ?’ ಹೌದು. ಈ ದೋಷದ ಪರಿಹಾರಕ್ಕೆಂದೇ 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು: ಕಾರ್ಖಾನೆಯಲ್ಲೇ ಕಲಿಕೆ, ಕಲಿಯುವಾಗಲೇ ಭತ್ಯೆ. ಒಳಗೆ ಕಾಲಿಟ್ಟವನಿಗೆ ಇದಕ್ಕಿಂತ ಒಳ್ಳೆಯ ಗುರುಕುಲವಿಲ್ಲ. ಆದರೆ ಕಾರ್ಖಾನೆಯ ಗೇಟಿನವರೆಗೆ ಯಾರು ಕರೆದೊಯ್ಯಬೇಕೆಂಬುದು ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ.

ಐದು: ವಿಶೇಷ ಪ್ರಕರಣ

ಒಂದು ಅಣುವನ್ನು ಇನ್ನೊಂದರಿಂದ ಬೇರೆಯಾಗಿಸುವುದು ವಿಶೇಷ. ವಿಶೇಷಗಳು ಅನಂತ, ಆದ್ದರಿಂದಲೇ ಅರ್ಜಿ ನಮೂನೆಯಲ್ಲಿ ಅವಕ್ಕೆ ಜಾಗವಿಲ್ಲ. ಜಾತಿ, ವರ್ಗ, ಆಧಾರ್ ಸಂಖ್ಯೆಗಳಿಗೆ ಚೌಕಗಳಿವೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ದೇವದತ್ತ ಕಣ್ಣುಮುಚ್ಚಿ ಬಿಚ್ಚಬಲ್ಲ ಎಂದು ಬರೆಯಲು, ತಂಗಿ ಊರಿನ ಅರ್ಧ ಹೆಂಗಸರ ಕುಪ್ಪಸದ ಅಳತೆಯನ್ನು ಟೇಪಿಲ್ಲದೆ ಹೇಳಬಲ್ಲಳು ಎಂದು ಬರೆಯಲು ಚೌಕವಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ, ಮೊದಲೇ ಬಲ್ಲ ಕಸುಬನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ಒಂದು ದಾರಿಯಿದೆ. ಆ ದಾರಿ ಹಿಡಿಯಬೇಕಾದರೆ ತನಗೆ ಗೊತ್ತಿರುವುದು ಕಸುಬು ಎಂದು ಮೊದಲು ಆ ಮಕ್ಕಳಿಗೇ ಗೊತ್ತಾಗಬೇಕು. ಅದನ್ನು ಹೇಳುವವರು ಬೇಕು.

ಆರು: ಅಭಾವ ಪ್ರಕರಣ

ಏಳನೆಯದನ್ನು ಆರನೆಯದಾಗಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಎದುರಾಗುವುದು ಇದೇ. ಅಭಾವ ನಾಲ್ಕು ಬಗೆ.

ಪ್ರಾಗಭಾವ: ವಸ್ತು ಇನ್ನೂ ಹುಟ್ಟದಿರುವುದು. ಇದಕ್ಕೆ ಆದಿಯಿಲ್ಲ, ಅಂತ್ಯವಿದೆ. ಕೆಲಸಕ್ಕಾಗಿ ಕಾಯುವವರು ಈ ಲಕ್ಷಣದ ಎರಡನೇ ಭಾಗವನ್ನು ನಂಬಿ ಬದುಕುತ್ತಾರೆ. ಕರ್ನಾಟಕದ ಯುವನಿಧಿ ಯೋಜನೆ ಈ ಅಭಾವಕ್ಕೆ ಬೆಲೆ ಕಟ್ಟಿತು: 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ, ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ದೇವದತ್ತನಿಗೆ ಇದು ಸಲ್ಲದು. ಅವನ ಅಭಾವ ಅಷ್ಟು ಓದಿಕೊಂಡಿಲ್ಲ.

ಪ್ರಧ್ವಂಸಾಭಾವ: ಇದ್ದದ್ದು ನಾಶವಾಗುವುದು. ಇದಕ್ಕೆ ಆದಿಯಿದೆ, ಅಂತ್ಯವಿಲ್ಲ. ಉದಾಹರಣೆ, ಪ್ರಾಜೆಕ್ಟಿನ ಹಣ ಮುಗಿದ ಮೇಲೆ ಮುಚ್ಚಿದ ಕಂಪ್ಯೂಟರ್ ಕೇಂದ್ರ.

ಅತ್ಯಂತಾಭಾವ: ಮೂರು ಕಾಲದಲ್ಲೂ ಇಲ್ಲದಿರುವುದು. ಉದಾಹರಣೆ, ಸಂಜೆಯ ಬ್ಯಾಚು ಬಿಟ್ಟ ಮೇಲೆ ಊರಿಗೆ ಬಸ್ಸು.

ಅನ್ಯೋನ್ಯಾಭಾವ: ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಕಲಿತದ್ದು ಡೇಟಾ ಎಂಟ್ರಿ, ಸಿಕ್ಕಿದ್ದು ಗೋದಾಮಿನಲ್ಲಿ ಪಾರ್ಸೆಲ್ ಎತ್ತುವ ಕೆಲಸ. ಎರಡೂ ಇವೆ, ಒಂದು ಇನ್ನೊಂದಲ್ಲ. ಸಾಧನೆಯ ಕಾಲಂನಲ್ಲಿ ಮಾತ್ರ ಎರಡೂ ಒಂದೇ ಅಂಕಿಯಾಗಿ ಅದ್ವೈತ ಸಾಧಿಸುತ್ತವೆ.

ಏಳು: ಸಮವಾಯ ಪ್ರಕರಣ

ಎರಡು ವಸ್ತುಗಳು ತಾಗಿ ಆಮೇಲೆ ಬಿಟ್ಟು ಹೋಗುವ ಸಂಬಂಧ ಸಂಯೋಗ. ಅದು ಗುಣಗಳಲ್ಲಿ ಒಂದು. ಬಿಡಿಸಲಾಗದಂತೆ ಕೂಡಿರುವ ಸಂಬಂಧ ಸಮವಾಯ. ಅದು ಸ್ವತಂತ್ರ ಪದಾರ್ಥ. ನೂಲಿಗೂ ಬಟ್ಟೆಗೂ ಇರುವುದು ಸಮವಾಯ. ನಮ್ಮ ಯೋಜನೆಗಳಲ್ಲಿ ಹೆಚ್ಚಿನವು ಸಂಯೋಗದ ಜಾತಿಯವು: ತಾಗುತ್ತವೆ, ಹಾಜರಿ ಹಾಕುತ್ತವೆ, ಬಿಡುತ್ತವೆ.

ಸಮವಾಯವನ್ನು ಯೋಜನೆಯಾಗಿ ಕಟ್ಟಬಹುದೆಂಬುದಕ್ಕೆ ನಿದರ್ಶನ ನಮ್ಮಲ್ಲೇ ಇದೆ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ, ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಊಟ ವಸತಿ ಉಚಿತ. ಮೋಟಾರ್ ರಿವೈಂಡಿಂಗ್, ಮೊಬೈಲ್ ದುರಸ್ತಿ, ಹೊಲಿಗೆ, ಹೈನುಗಾರಿಕೆಯಂಥ ಕಸುಬುಗಳು. ತರಬೇತಿ ಕೆಲವೇ ವಾರ. ಸೋಜಿಗ ಇರುವುದು ಅದರ ಆಚೆಗೆ: ಕಲಿತು ಹೋದವರನ್ನು ಎರಡು ವರ್ಷ ಬೆನ್ನುಹತ್ತಿ ವಿಚಾರಿಸುವುದು, ಬ್ಯಾಂಕಿನ ಸಾಲ ಕೊಡಿಸುವುದು, ಅಂಗಡಿ ತೆರೆದರೆ ಹೋಗಿ ನೋಡುವುದು. ಕಲಿಕೆ ವಾರಗಳಲ್ಲಿ, ವಿಚಾರಣೆ ವರ್ಷಗಳಲ್ಲಿ! ಈ ಅನುಪಾತವನ್ನು ಕಂಡು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಜಿಲ್ಲೆಗೊಂದರಂತೆ ಇಂಥದೇ ಸಂಸ್ಥೆಗಳನ್ನು ಬ್ಯಾಂಕುಗಳಿಂದ ತೆರೆಸಲು ಹೊರಟಿತು. ದೇಶಕ್ಕೆ ಒಂದು ಮಾದರಿ ಹೋದದ್ದು ಬೆಳ್ತಂಗಡಿ ತಾಲ್ಲೂಕಿನಿಂದ.

ದೇವದತ್ತನ ಊರಿನಲ್ಲಿ ಸಮವಾಯ ಇಷ್ಟು ದೊಡ್ಡ ಹೆಸರಿನಲ್ಲಿ ಇರಲಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದು, ಅರಿವು ಕೇಂದ್ರಗಳಾಗಿ, ಅನೇಕ ಕಡೆ ಕಂಪ್ಯೂಟರು, ಟೀವಿ ಕಂಡವು. ಅಂಥ ಒಂದು ಕೋಣೆಯ ಬಾಗಿಲಲ್ಲಿ ಮೇಲ್ವಿಚಾರಕರು ಅವನನ್ನು ತಡೆದು ಕೇಳುತ್ತಾರೆ:

‘ಏನಪಾ ದೇವು, ಆ ಅಪ್ರೆಂಟಿಸ್ ಅರ್ಜಿ ಏನಾತು?’

‘ಸರ್ವರ್ ಡೌನ್ ಅದ ರೀ ಸರ್.’

‘ಮುಂಜಾನಿ ಏಳಕ್ಕ ಬಾ, ಖಾಲಿ ಇರ್ತದ. ನಾನೇ ಬಾಗಿಲು ತೆಗೀತೀನಿ. ಮಾರ್ಕ್ಸ್ ಕಾರ್ಡ್ ಮರೀಬ್ಯಾಡ.’

ಕಂಪ್ಯೂಟರು ದ್ರವ್ಯ. ಅದರಲ್ಲಿ ಅರ್ಜಿ ತುಂಬುವುದು ಕರ್ಮ. ಏಳಕ್ಕೆ ಬಾಗಿಲು ತೆಗೆಯುತ್ತೇನೆಂಬ ಮಾತು ಯಾವ ಪದಾರ್ಥ ಎಂಬುದೇ ಈ ಗ್ರಂಥದ ಮೂಲಪ್ರಶ್ನೆ.

ತಾರ್ಕಿಕರಲ್ಲಿ ಪ್ರಸಿದ್ಧವಾದ ಒಂದು ಕತ್ತೆಯಿದೆ. ಗಡಿಗೆಗೆ ಮಣ್ಣು ಕಾರಣ, ಕುಂಬಾರ ಕಾರಣ, ಚಕ್ರ ಕಾರಣ, ಚಕ್ರ ತಿರುಗಿಸುವ ಕೋಲು ಕೂಡ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಮಾತ್ರ ಕಾರಣವಲ್ಲ, ಅದು ಅನ್ಯಥಾಸಿದ್ಧ. ಕತ್ತೆಯಿಲ್ಲದಿದ್ದರೂ ಮಣ್ಣು ಹೇಗೋ ಬರುತ್ತಿತ್ತು. ನಮ್ಮ ಯೋಜನಾ ವರದಿಗಳು ಈ ನ್ಯಾಯವನ್ನು ಅಕ್ಷರಶಃ ಪಾಲಿಸುತ್ತವೆ. ಯಂತ್ರ, ಬೋಧಕ, ಪಠ್ಯಕ್ರಮ ಎಲ್ಲಕ್ಕೂ ಲೆಕ್ಕವುಂಟು. ಹುಡುಗನನ್ನು ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟವನು, ಮೊದಲ ಸಂಬಳ ಬರುವವರೆಗೆ ಪೀಣ್ಯದ ತನ್ನ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟ ಹಳೆಯ ವಿದ್ಯಾರ್ಥಿ, ‘ನನ್ನ ಮಗಳ ಜೋಡಿ ಹೋಗ್ಲಿ ಬಿಡ್ರಿ ಅಣ್ಣಾರ’ ಎಂದು ಅಪ್ಪನನ್ನು ಒಪ್ಪಿಸಿದ ಸ್ವಸಹಾಯ ಸಂಘದ ಅಕ್ಕ, ಇವರೆಲ್ಲ ಅನ್ಯಥಾಸಿದ್ಧರು. ಸೊನ್ನೆ ರೂಪಾಯಿಯ ಟಿಕೆಟ್ಟಿನ ಉಳಿದರ್ಧ ದೂರವನ್ನು ತಂಗಿ ದಾಟಿದ್ದು ಆ ಅಕ್ಕನ ಮಾತಿನ ಮೇಲೆ.

ನನ್ನ ಸಿದ್ಧಾಂತ ಇಷ್ಟು: ಯಾದಗಿರಿಯ ಹಳ್ಳಿಗೆ ಮಣ್ಣು ಹೇಗೋ ಬರುವುದಿಲ್ಲ. ಕತ್ತೆಯೂ ಕಾರಣ.

ಪೂರ್ವಪಕ್ಷಿ ಮತ್ತೆ ಏಳುತ್ತಾನೆ: ‘ಹಾಗಾದರೆ ಯಂತ್ರಗಳೇಕೆ? ಊರವರ ಪ್ರೀತಿಯೇ ಸಾಕಲ್ಲ.’ ಸಾಲದು. ಯಂತ್ರವಿಲ್ಲದ ಊರಿನ ಪ್ರೀತಿ ಎಲ್ಲರನ್ನೂ ಒಬ್ಬನೇ ಮೇಸ್ತ್ರಿಯ ಹಿಂದೆ ಗಾರೆ ಕೆಲಸಕ್ಕೆ ಕಳಿಸುತ್ತದೆ. ಹುಡುಗಿಗೆ ಇದೆಲ್ಲ ಯಾಕೆ ಎನ್ನುವುದೂ ಊರೇ. ತನ್ನ ಜಾತಿಯವನಿಗೆ ಮಾತ್ರ ಬಾಗಿಲು ತೆರೆಯುವುದೂ ಊರೇ. ಆದ್ದರಿಂದ ಎಲ್ಲರಿಗೂ ತೆರೆದ ಪಂಚಾಯಿತಿಯ ಕೋಣೆ, ಎಲ್ಲರನ್ನೂ ವಿಚಾರಿಸಲೇಬೇಕಾದ ಸಂಸ್ಥೆ ಬೇಕು.

ಪೂರ್ವಪಕ್ಷಿ ಕೊನೆಯ ಬಾರಿ ಏಳುತ್ತಾನೆ: ‘ಉಳ್ಳವರ ಮಕ್ಕಳಿಗೆ ಇಂಥ ಸಮುದಾಯ ಬೆಂಬಲ ಯಾರು ಕೊಟ್ಟರು? ಅವರು ತಮ್ಮ ಕಾಲ ಮೇಲೆ ನಿಲ್ಲಲಿಲ್ಲವೆ?’ ಅವರಿಗೂ ಇತ್ತು. ಅದಕ್ಕೆ ಬೆಂಗಳೂರಿನ ಸೋದರಮಾವ ಎಂದು ಹೆಸರು. ರೆಸ್ಯೂಮೆ ತಿದ್ದಿದ್ದು ಅವನು, ಕಂಪನಿಯಲ್ಲಿ ಗುರುತಿನವರಿಗೆ ಫೋನ್ ಮಾಡಿದ್ದು ಅವನು, ಇಂಟರ್‌ವ್ಯೂ ದಿನ ಬೆಳಿಗ್ಗೆ ಎಬ್ಬಿಸಿ ಉಪ್ಪಿಟ್ಟು ಕೊಟ್ಟು ಕಳಿಸಿದ್ದು ಅವನ ಹೆಂಡತಿ. ಇದನ್ನೆಲ್ಲ ಮಗ ತನ್ನ ಪ್ರತಿಭೆಯೆಂದು ನಂಬಿಕೊಂಡಿದ್ದರೆ ತಪ್ಪೇನಿಲ್ಲ, ಹುಟ್ಟಿನಿಂದ ಬಂದ ಸಮವಾಯ ಕಣ್ಣಿಗೆ ಕಾಣುವುದಿಲ್ಲ. ಬಡವರ ಮಕ್ಕಳಿಗೆ ಕೊರತೆಯಾಗಿರುವುದು ಬುದ್ಧಿಯೂ ಅಲ್ಲ, ಈಚೆಗೆ ಮೊಬೈಲೂ ಅಲ್ಲ; ಬೆಂಗಳೂರಿನ ಮಾವ. ಒಳ್ಳೆಯ ಯೋಜನೆಯೆಂದರೆ ಸರ್ಕಾರಿ ಖರ್ಚಿನಲ್ಲಿ, ಜಾತಿ ನೋಡದೆ, ಎಲ್ಲರಿಗೂ ಒಬ್ಬ ಸೋದರಮಾವನನ್ನು ನೇಮಿಸುವುದು.

ಸಮವಾಯಕ್ಕೆ ಭೇದಗಳನ್ನು ಹೇಳಲು ನಾನು ಪಟ್ಟ ಶ್ರಮ ವ್ಯರ್ಥವಾಯಿತು. ದ್ರವ್ಯ ಒಂಬತ್ತು, ಗುಣ ಇಪ್ಪತ್ತನಾಲ್ಕು, ಕರ್ಮ ಐದು. ಸಮವಾಯ ಒಂದೇ ಎಂದು ಅನ್ನಂಭಟ್ಟ ಮೊದಲೇ ತೀರ್ಮಾನಿಸಿದ್ದಾನೆ.

ಫಲಶ್ರುತಿ

ಈ ಗ್ರಂಥವನ್ನು ಓದಿದ ಅಧಿಕಾರಿಗೆ ಅರ್ಜಿ ನಮೂನೆಯಲ್ಲಿ ‘ಆರು ತಿಂಗಳ ನಂತರ ಇವರನ್ನು ವಿಚಾರಿಸುವವರ ಹೆಸರು’ ಎಂಬ ಒಂದು ಚೌಕ ಸೇರಿಸುವ ಬುದ್ಧಿ ಬರಲಿ. ಓದಿದ ದಾನಿಗೆ ಹತ್ತು ಕಂಪ್ಯೂಟರಿನ ಬದಲು ಒಂಬತ್ತು ಕೊಟ್ಟು, ಹತ್ತನೆಯದರ ಹಣವನ್ನು ಬಾಗಿಲು ತೆಗೆಯುವವರ ಗೌರವಧನಕ್ಕೆ ಸೇರಿಸುವ ಮನಸ್ಸಾಗಲಿ. ಓದಿದ ಪಂಡಿತರಿಗೆ ಇದರಲ್ಲಿ ತಪ್ಪು ಹುಡುಕುವ ಸುಖ ದೊರೆಯಲಿ. ಇದನ್ನು ಓದದೆಯೇ ಪಕ್ಕದ ಮನೆಯ ಹುಡುಗಿಯ ಫೋಟೋವನ್ನು 50 ಕೆಬಿಗೆ ಇಳಿಸಿ ಅರ್ಜಿ ಹಾಕಿಕೊಟ್ಟವರಿಗೆ ಓದಿದ ಪುಣ್ಯದ ಜೊತೆಗೆ ಬರೆದ ಪುಣ್ಯವೂ ಸಲ್ಲುತ್ತದೆ.